ಒಗೆಯುವ ಕಲ್ಲು

ದೆವ್ವ, ಗಾಳಿ, ಸತ್ತವರು ಬಂದು ಹೋದರು ಎಂಬ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವಳು ನಾನು. ಹೇಳುವವರ ಮುಖ ನೋಡಿದರೆ ನಗು ಬರುತ್ತಿತ್ತು. ಈಗ ನಾನೇ ಹೇಳಲು ಕುಳಿತಿದ್ದೇನೆ. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ನನ್ನ ಅಕ್ಕ ಮದುವೆಯಾದ ಮೇಲೆ ಅರಸೀಕೆರೆಯ ಬಾಡಿಗೆ ಮನೆಗಳಲ್ಲೇ ಬಾಳಿದವಳು. ಎಲ್ಲಿ ಹೋದರೂ ಒಗೆಯುವ ಕಲ್ಲು ಒಂದೇ, ಅದು ಓನರಮ್ಮನದು. ಅವರ ಬಟ್ಟೆ ಮುಗಿಯುವ ತನಕ ಬಕೆಟ್ ಹಿಡಿದು ಕಾಯಬೇಕು. ಸೋಪಿನ ನೀರು ನಿಂತಿತೆಂದು, ಬಡಿಯುವ ಸದ್ದು ಜಾಸ್ತಿಯಾಯಿತೆಂದು ಬೈಸಿಕೊಳ್ಳಬೇಕು. ನಮ್ಮ ಕಡೆ ಬೆಟ್ಟ ಹತ್ತಿದವರು ಸ್ವಂತ ಮನೆ ಆಗಲಿ ಎಂದು ಬೇಡಿಕೊಂಡು, ಅಲ್ಲೇ ಬಿದ್ದಿರುವ ಕಲ್ಲು ಜೋಡಿಸಿ ಪುಟ್ಟ ಮನೆ ಕಟ್ಟಿ ಬರುತ್ತಾರೆ. ಒಮ್ಮೆ ಅಕ್ಕನೂ ನಾನೂ ಹತ್ತಿದ್ದೆವು. ಉಳಿದವರೆಲ್ಲ ಮನೆ ಕಟ್ಟುತ್ತಿದ್ದರೆ ಇವಳು ಮೊದಲು ಒಂದು ಚಪ್ಪಟೆ ಕಲ್ಲು ಹುಡುಕಿ ತಂದು ಇಟ್ಟಳು. “ಇದು ನನ್ನ ಒಗೆಯೋ ಕಲ್ಲು ಕಣೇ. ಮನೆ ಆಮೇಲೆ ಕಟ್ಟಿದ್ರಾಯ್ತು” ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಮಗಳು ಹುಟ್ಟಿದ ವರ್ಷವೇ ಅಕ್ಕ ತೀರಿಕೊಂಡಳು. ಕೂಸನ್ನು ನಾನು ತಂದು ಸಾಕಿದೆ. ಭಾವ ಬೇಗನೆ ಇನ್ನೊಂದು ಮದುವೆಯಾದರು, ಆಗಲಿ. ಮಗಳನ್ನು ನೋಡಲು ಹಬ್ಬಕ್ಕೂ ಬಾರದ ಮನುಷ್ಯ, ಪುಟ್ಟಿ ಎರಡನೇ ಕ್ಲಾಸಿಗೆ ಬಂದಾಗ ಇದ್ದಕ್ಕಿದ್ದಂತೆ ಫೋನು ಮಾಡತೊಡಗಿದರು. ಸ್ವಂತ ಮನೆ ಕಟ್ಟಿಸಿದ್ದರು. ಮಗಳನ್ನು ಹೊರಗಿಟ್ಟು ಗೃಹಪ್ರವೇಶ ಮಾಡಿದರೆ ನೆಂಟರು ಆಡಿಕೊಳ್ಳುತ್ತಾರೆ, ಅದಕ್ಕೆ ಅವಳು ಬೇಕಾಗಿದ್ದಳು. ಹೆತ್ತ ಅಪ್ಪನೇ ಕೇಳಿದರೆ ಕೊಡುವುದಿಲ್ಲ ಎನ್ನಲು ನಾನು ಯಾರು? ಮಗಳು ಅಪ್ಪನಿಗೆ ಹೊಂದಿಕೊಳ್ಳಲಿ ಎಂದು ಅವರು ಒಂದು ದಿನದ ಟ್ರಿಪ್ ಬುಕ್ ಮಾಡಿದರು. ಬೆಳಿಗ್ಗೆ ಕಾಡಿನಲ್ಲಿ ಯಾವುದೋ ಒಂದು ಬೆಟ್ಟ, ಆಮೇಲೆ ಹಳೇಬೀಡು, ಬೇಲೂರು. ಮಗು ಕೈಬಿಟ್ಟು ಹೋಗುತ್ತದೆ ಎಂಬ ಸಂಕಟ ಹೊಟ್ಟೆಯಲ್ಲಿಟ್ಟುಕೊಂಡೇ ನಾನೂ ಹೊರಟೆ.

ಹೋಗಿ ನೋಡಿದರೆ ಅಕ್ಕನ ಜೊತೆ ಹತ್ತಿದ್ದ ಅದೇ ಬೆಟ್ಟ. ಭಾವನಿಗೆ ಅದು ಗೊತ್ತೇ ಇರಲಿಲ್ಲ, ನಾನೂ ಹೇಳಲಿಲ್ಲ. ಅವರ ಹೊಸ ಹೆಂಡತಿ ಕಾಲು ನೋವೆಂದು ವ್ಯಾನಿನಲ್ಲೇ ಉಳಿದಳು. ಜಾವಗಲ್ ಕಡೆಯ ಗೈಡ್ ರಂಗಣ್ಣ ಮುಂದೆ, ಅವನ ಹಿಂದೆ ಕುಣಿದುಕೊಂಡು ಪುಟ್ಟಿ, ಏದುಸಿರು ಬಿಡುತ್ತಾ ನಾವಿಬ್ಬರು.

“ಅವಳಿಗೇ ಅಂತ ಒಂದು ರೂಮ್ ಮಾಡ್ಸಿದೀನಿ ಕಣಮ್ಮ. ಇನ್ಮೇಲೆ ನಮ್ಮನೇಲೇ ಇರೋದು ಅಂತ ಬೇಲೂರು ತಲುಪೋದ್ರೊಳಗೆ ನೀನೇ ಅವಳಿಗೆ ಹೇಳ್ಬಿಡು” ಎಂದರು ಭಾವ.

ತಿರುವು ದಾಟಿದರೆ ಜನ ಕಲ್ಲುಮನೆ ಕಟ್ಟುವ ಬಂಡೆ. ಅಲ್ಲಿ ಪುಟ್ಟಿ ಒಬ್ಬಳೇ ಕುಳಿತಿದ್ದಳು. ಹಾಡುಹಗಲು, ಬಿಸಿಲು ಚುರುಗುಟ್ಟುತ್ತಿತ್ತು. ಅವಳೆದುರು ಸಣ್ಣ ಕಲ್ಲುಗಳನ್ನು ಗೋಡೆಯಂತೆ ಸಾಲಾಗಿಟ್ಟ ಒಂದು ಮನೆ. ಮನೆಯ ಹಿಂದೆ ಒಂದು ಚಪ್ಪಟೆ ಕಲ್ಲು.

“ಇದೇನೇ ಇದು?” ಎಂದೆ.

“ಒಗೆಯೋ ಕಲ್ಲಂತೆ ಚಿಕ್ಕಮ್ಮ. ಇದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ವಂತೆ.”

“ಯಾರು ಹೇಳಿದ್ದು?”

“ಆ ಆಂಟಿ. ಈಗ ಹೋದ್ರು.” ಆಮೇಲೆ ಬೆರಳಿಟ್ಟು ತೋರಿಸುತ್ತಾ ಹೋದಳು. ಬಾಗಿಲು ಇಲ್ಲಿ, ಅಡುಗೆಮನೆ ಇಲ್ಲಿ, ಇದು ಅಪ್ಪನ ರೂಮು, ಇದು ಪಾಪು ರೂಮು. “ನಿಂಗೆ ಇಲ್ಲಿ ರೂಮಿಲ್ಲ ಕಣೇ ಅಂದ್ರು” ಎಂದಳು, ಒಂದಿಷ್ಟೂ ಬೇಸರವಿಲ್ಲದೆ.

ಭಾವನ ಮುಖ ಬಿಳಿಚಿಕೊಂಡಿತು. ರಂಗಣ್ಣ ಸ್ವಲ್ಪ ಮೇಲೆ ನಮಗಾಗಿ ಕಾಯುತ್ತಾ ನಿಂತಿದ್ದ. ಕೂಗಿ ಕೇಳಿದೆ. “ಯಾವ ಹೆಂಗ್ಸೂ ಇಲ್ಲ ಕಣಮ್ಮ. ಮಗೀನ ಮ್ಯಾಲೇ ಕಣ್ಣಿಟ್ಟಿದ್ದೆ, ತಾನೊಂದೇ ಕುಂತು ಕಲ್ಲು ಜೋಡಿಸ್ತಿತ್ತು. ಹತ್ತಾಕೂ ಇಳಿಯಾಕೂ ಇರೋದು ಇದೊಂದೇ ದಾರಿ” ಎಂದ. ಆ ದಾರಿಯಲ್ಲಿ ನಮ್ಮೆದುರು ಯಾರೂ ಇಳಿದು ಬಂದಿರಲಿಲ್ಲ.

ಆಮೇಲೆ ಹಳೇಬೀಡಿನಲ್ಲಿ, ಬೇಲೂರಿನಲ್ಲಿ ರಂಗಣ್ಣ ಏನೇನು ತೋರಿಸಿದನೋ ದೇವರೇ ಬಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ಚಪ್ಪಟೆ ಕಲ್ಲೊಂದೇ. ಪುಟ್ಟಿಗೆ ಹೇಳಿದೆಯಾ ಎಂದು ಭಾವ ಕೇಳಲೇ ಇಲ್ಲ.

ಗೃಹಪ್ರವೇಶಕ್ಕೆ ಅವಳನ್ನು ಕರೆದುಕೊಂಡು ಹೋದೆ. ಆ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ಪುಟ್ಟಿ ಬಂಡೆಯ ಮೇಲೆ ಬೆರಳಿಟ್ಟು ತೋರಿಸಿದ ಹಾಗೇ ಬಾಗಿಲು, ಹಾಗೇ ಅಡುಗೆಮನೆ. ಇದ್ದದ್ದು ಎರಡೇ ರೂಮು. ಚಿಕ್ಕ ರೂಮಿನ ಸೂರಿನಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಆಗಲೇ ಕೂತಿತ್ತು. ಹೊಸ ಹೆಂಡತಿ ಬಸುರಿ ಎಂದು ನೆಂಟರಿಗೆ ತಿಳಿದದ್ದೇ ಆವತ್ತು. “ಪುಟ್ಟಿ ರೂಮ್ ಯಾವುದು ಭಾವ?” ಎಂದು ಎಲ್ಲರೆದುರಿಗೇ ಕೇಳಿದೆ. “ಸದ್ಯಕ್ಕೆ ಹಾಲ್‌ನಲ್ಲಿ ಮಲಗ್ತಾಳೆ ಬಿಡಮ್ಮ” ಎಂದರು, ನನ್ನ ಮುಖ ನೋಡದೆ. ಹಿತ್ತಲಿಗೆ ಹೋಗಿ ನೋಡಿದೆ. ವಾಷಿಂಗ್ ಮಿಷನ್ ಇತ್ತು, ಒಗೆಯುವ ಕಲ್ಲು ಇರಲಿಲ್ಲ. ಪುಟ್ಟಿಯ ಕೈ ಹಿಡಿದುಕೊಂಡು ಊಟ ಮಾಡದೆ ಹೊರಟೆ. ಬಾಗಿಲ ತನಕ ಬಂದು ತಡೆದವರು ಯಾರೂ ಇಲ್ಲ.

ಕಲ್ಲಿನ ವಿಷಯ ನಾನೇ ಎಂದಾದರೂ ಅವಳೆದುರು ಆಡಿದ್ದೆನೇನೋ, ಇಲ್ಲವೆಂದು ಆಣೆ ಮಾಡಲಾರೆ. ಆದರೆ ಆ ಮನೆಯ ಒಳಗು ನನಗೇ ಗೊತ್ತಿರಲಿಲ್ಲ. ಪುಟ್ಟಿ ಈಗ ಹೈಸ್ಕೂಲಿನಲ್ಲಿದ್ದಾಳೆ, ನನ್ನ ಜೊತೆಗೇ ಇದ್ದಾಳೆ. ಅಕ್ಕನ ಫೋಟೋ ತೋರಿಸಿ ಕೇಳಿದರೆ, ಆ ಆಂಟಿಯ ಮುಖ ಜ್ಞಾಪಕವಿಲ್ಲ ಎನ್ನುತ್ತಾಳೆ.

ಬಂದವಳು ಅಕ್ಕನೇ ಎಂದು ನಾನು ಹೇಳುವುದಿಲ್ಲ, ಅಷ್ಟು ಧೈರ್ಯ ನನಗಿಲ್ಲ. ಅವಳೇ ಆಗಿದ್ದರೆ ಮಾತ್ರ ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಾನೂ ಆ ತಿರುವಿನ ಈಚೆಗೇ ಇದ್ದೆ. ಒಂದು ಗಳಿಗೆ ನಿಂತಿರಬಾರದಿತ್ತೇ?