ಬಗ್ಗಿಸದ ಬಾಗಿಲಿನ ಬಿರುಕು

ಬಗ್ಗಿಸಿದ ತಗಡಿನ ಬಣ್ಣ ಒಡೆಯಲಿಲ್ಲ. ಯಾರೂ ಮುಟ್ಟದೆ ನಿಂತಿದ್ದ ಕಾರಿನ ಬಣ್ಣ ಒಡೆಯಿತು. ನಂಬುತ್ತೀರಾ? ನಾನೂ ನಂಬಿರಲಿಲ್ಲ.

ಹೊಸ ಕಾರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ತಾಳ್ಮೆ ನನಗಿಲ್ಲ. ನ್ಯಾಮತಿಯಲ್ಲಿ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಂಡು, ಬಣ್ಣ ಹೊಡೆಸಲು ಚನ್ನಗಿರಿಯ ಪೇಂಟರ್ ಗಫೂರ್ ಸಾಬರ ಶೆಡ್ಡಿಗೆ ಬಿಟ್ಟೆ. (ಮಗಳು ಆಗಲೇ ಹಿಂದಿನ ಎಡಗಡೆ ಕಿಟಕಿ ತನ್ನದೆಂದು ಘೋಷಿಸಿದ್ದಳು.)

ಸಾಬರದು ಒಂದು ಪದ್ಧತಿ. ಕಾರಿನ ಜೊತೆಗೇ ಒಂದು ತುಂಡು ತಗಡಿಗೂ ಅದೇ ಬಣ್ಣ ಹೊಡೆಯುತ್ತಾರೆ. ಒಣಗಿದ ಮೇಲೆ ಆ ತಗಡನ್ನು ಮೊದಲು ಹೆಬ್ಬೆರಳು ದಪ್ಪದ ಸರಳಿಗೆ, ಆಮೇಲೆ ಪೆನ್ಸಿಲ್ ದಪ್ಪದ್ದಕ್ಕೆ, ಕೊನೆಗೆ ಸೈಕಲ್ ಕಡ್ಡಿಗೆ ಒತ್ತಿ ಬಗ್ಗಿಸಿ, ಭೂತಗನ್ನಡಿ ಹಿಡಿದು ನೋಡುತ್ತಾರೆ. ಯಾವುದಕ್ಕೆ ಬಿರುಕು ಬಿಟ್ಟಿತೋ ಅದೇ ಬಣ್ಣದ ತಾಕತ್ತಿನ ಅಳತೆ. ಸೈಕಲ್ ಕಡ್ಡಿಯನ್ನೂ ಗೆದ್ದರಷ್ಟೇ ಕೀಲಿ ಕೊಡುವುದು!

ನನ್ನ ತಗಡು ಗೆದ್ದಿತು. ಮರುದಿನ ನೋಡಿದರೆ ಕಾರಿನ ಹಿಂದಿನ ಎಡ ಬಾಗಿಲಲ್ಲಿ ಕೂದಲೆಳೆಯಂಥ ಬಿರುಕು. ಕೆರೆದು ಮತ್ತೆ ಹೊಡೆದರು. ತಗಡು ಮತ್ತೆ ಗೆದ್ದಿತು, ಬಿರುಕು ಮತ್ತೆ ಬಂತು. ಅದೇ ಜಾಗ, ಅದೇ ಉದ್ದ.

"ಬಿಸಿಲಿಗಿರಬೇಕು" ಎಂದೆ.

"ತಗಡಿಗೂ ಅದೇ ಬಿಸಿಲಲ್ಲೇನ್ರೀ ಸಾರ್? ಬಣ್ಣದ್ದು ತಪ್ಪಿಲ್ಲ. ಒಳಗೆ ಏನೋ ಐತೆ."

ಈ ಸಲ ಸಾಬರು ಬುಡದವರೆಗೆ ಕೆರೆದರು. ನನ್ನ ಬಿಳಿಯ ಕೆಳಗೆ ನೀಲಿ. ನೀಲಿಯ ಕೆಳಗೆ, ತಗಡು ಮಟ್ಟಸ ಮಾಡಲು ಮೆತ್ತುವ ಪುಟ್ಟಿ, ದಪ್ಪಗೆ. ಅದರ ಕೆಳಗೆ ಮೂರ್ನಾಲ್ಕು ಉಬ್ಬು. ತಗ್ಗಲ್ಲ, ಉಬ್ಬು. ಅಂಗೈ ಇಟ್ಟವರು ಥಟ್ಟನೆ ತೆಗೆದುಬಿಟ್ಟರು.

"ಹೊರಗಿನ ಪೆಟ್ಟಲ್ಲ ಸಾರ್ ಇದು. ಯಾರೋ ಒಳಗಿಂದ ಒದ್ದಾರೆ, ಬಾಗಿಲು ತೆಗಿಯಾಕೆ ಆಗದೆ."

ಆ ಬಾಗಿಲಿನ ಒಳಗಿನ ಹಿಡಿಕೆಯೊಂದೇ ಹೊಸದು ಎಂಬುದು ನನಗೆ ಕಂಡದ್ದು ಆಗ. ಹಾಡುಹಗಲಲ್ಲೇ ಹೆದರಿದೆ, ಸುಳ್ಳೇಕೆ?

"ಮುಚ್ಚಿಬಿಡಿ" ಎಂದೆ. ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಮುಚ್ಚಿದರು. ಆದರೆ ತಗಡು ಬಗ್ಗಿಸಲಿಲ್ಲ. "ಇದಕ್ಕೆ ನನ್ನ ಅಳತೆ ಸಾಲಾಕಿಲ್ಲ ಬಿಡ್ರಿ" ಎಂದು ಕೀಲಿ ಕೊಟ್ಟರು.

ಮಗಳನ್ನು ಅದರಲ್ಲಿ ಕೂರಿಸಲು ಮನಸ್ಸಾಗಲಿಲ್ಲ. ಮಾರುತ್ತೇನೆಂದೆ. ಜಗಳೂರಿನ ಬಟ್ಟೆ ಅಂಗಡಿಯವರೊಬ್ಬರು ಬಂದರು, ಜೊತೆಗೆ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಬಾಗಿಲನ್ನು ತೆರೆದೂ ನೋಡಲಿಲ್ಲ. "ವಾರ ವಾರ ನಿಮ್ಮ ಅಂಕಣ ಓದೋರು ನಾವು. ನಿಮ್ ಗಾಡಿ ಅಂದ್ಮ್ಯಾಲೆ ನೋಡಾದೇನೈತ್ರೀ?"

ಹೇಳಬೇಕೆಂದಿದ್ದೆ. ಹೇಳಲಿಲ್ಲ. (ಹೌದು, ಹೇಡಿ.)

ಬಣ್ಣ ಇವತ್ತಿನವರೆಗೆ ಒಡೆದಿಲ್ಲ. ಅವರು ಕಾರು ಒಯ್ಯಲು ಬರುವುದು ಭಾನುವಾರ, ಇದು ಅಚ್ಚಾಗುವುದು ಶನಿವಾರ.

ಜಗಳೂರಿನವರೇ, ಈ ವಾರವೂ ಓದುತ್ತೀರಿ ತಾನೇ?