ಕೆಮ್ಮು ನಿಲ್ಲುವವರೆಗೆ

ಈಗಲೂ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರಾದರೂ ಜೋರಾಗಿ ಕೆಮ್ಮಿದರೆ ಕೈಯಲ್ಲಿದ್ದದ್ದನ್ನು ಬಿಟ್ಟುಬಿಡುತ್ತೇನೆ. ಎಷ್ಟೋ ಸಲ ಸೀರೆಯ ಮೇಲೆ ಚಹಾ ಚೆಲ್ಲಿಕೊಂಡಿದ್ದೇನೆ.

ಹೊಸಪೇಟೆಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನಾನು ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಕಾಲ ಅದು. ಸಂಡೂರಿನ ಅದಿರು ಹೊತ್ತ ಲಾರಿಗಳು ಹಗಲಿರುಳೂ ಓಡುತ್ತಿದ್ದವು. ರೋಗಿಗಳು ಕೂರುವ ಬೆಂಚು ಸಂಜೆಯ ಹೊತ್ತಿಗೆ ಅದಿರಿನ ದೂಳಿನಿಂದ ಕೆಂಪಾಗಿರುತ್ತಿತ್ತು. ಕಂಪ್ಲಿ, ಮೆಟ್ರಿಯ ಕಡೆಯವರು ಕಣ್ಣಿಗೆ ಭತ್ತದ ಗರಿ ತಾಗಿಸಿಕೊಂಡು ಬರುತ್ತಿದ್ದರು, ಸಂಡೂರಿನ ಕಡೆಯವರು ಅದಿರಿನ ಚೂರು ಸಿಡಿಸಿಕೊಂಡು.

ನಮ್ಮ ಗುರುಗಳು ಮೊದಲು ಆಡಿನ ಕಣ್ಣಿನ ಮೇಲೆ ಕಲಿಸಿದರು. ಬೆಳಿಗ್ಗೆ ಮಾಂಸದಂಗಡಿಯಿಂದ ತಂದ ಕಣ್ಣನ್ನು ಥರ್ಮೋಕೋಲಿನ ಮೇಲೆ ಗುಂಡುಪಿನ್ನುಗಳಿಂದ ಕೂರಿಸಿದ್ದರು. ಪೊರೆ ತೆಗೆಯಲು ಕಣ್ಣನ್ನು ನೇರವಾಗಿ ಕೊಯ್ಯುವುದಿಲ್ಲ. ಬಿಳಿಗುಡ್ಡೆಯ ಪದರದೊಳಗೆ ಓರೆಯಾಗಿ ಒಂದು ಸುರಂಗ ಕೊರೆದು ಒಳಗೆ ಹೋಗಬೇಕು. ಕೊರೆದು ತೋರಿಸಿದ ಮೇಲೆ ಅವರು ಆ ಕಣ್ಣಿಗೆ ನೀರು ತುಂಬಿ ಬೆರಳಿನಿಂದ ಒತ್ತಿದರು. ಹೊಲಿಗೆಯಿಲ್ಲದ ಆ ಗಾಯದಿಂದ ಹನಿ ನೀರೂ ಹೊರಬರಲಿಲ್ಲ.

"ಒಳಗಿಂದ ಒತ್ತಿದಷ್ಟೂ ಬಾಗ್ಲ ಗಟ್ಟಿ ಆಕ್ಕತಿ ನೋಡ್ರಿ," ಎಂದರು. "ನಡುವ ನಾವು ಕಡ್ಡಿ ತೂರಸದಿದ್ರ ಸಾಕು."

ನಾನು ಬರೆದುಕೊಂಡೆ. ನಂಬಿದ್ದು ಮಾತ್ರ ಬಂಡ್ರಿಯ ಅಜ್ಜಿ ಬಂದ ದಿನ.

ಅದಿರು ಒಡೆಯುವಾಗ ಚೂರು ಸಿಡಿದು ಅಜ್ಜಿಯ ಎಡಗಣ್ಣು ಹೋಗಿ ಎಷ್ಟೋ ಕಾಲವಾಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಬಂದು, ಮೊಮ್ಮಗಳ ಭುಜ ಹಿಡಿದು ನಡೆಯುತ್ತಿದ್ದಳು. ಒಂದೇ ಕಣ್ಣಿನವರನ್ನು ಕಲಿಯುವವರ ಕೈಗೆ ಕೊಡುವುದಿಲ್ಲ. ಗುರುಗಳೇ ಕೂತರು. ಎದುರಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕಣ್ಣು ಒಣಗದಂತೆ ನೀರು ಹನಿಸುವುದು ನನ್ನ ಕೆಲಸ.

ಅಜ್ಜಿ ಚಪ್ಪಲಿಯನ್ನು ಹೊರಗೇಟಿನಲ್ಲೇ ಬಿಟ್ಟು ಬಂದಿದ್ದಳು. ಆಪರೇಷನ್ ಕೋಣೆಯ ಹೊಸಿಲು ಮುಟ್ಟಿ ನಮಸ್ಕರಿಸಿದಳು.

"ಇಷ್ಟ್ ತಣ್ಣಗೈತಿ, ಯಾರರ ಸತ್ತಾರೇನವ್ವ ಒಳಗ?" ಎಂದು ನನ್ನನ್ನು ಕೇಳಿದಳು.

"ಯಾರೂ ಸತ್ತಿಲ್ಲಬೇ, ಮಲಗು," ಎಂದರು ಗುರುಗಳು. "ಕೆಮ್ಮು ಬಂದ್ರ ಮೊದ್ಲ ಹೇಳು."

ಕಣ್ಣಿನ ಪಕ್ಕ ಸೂಜಿ ಕೊಟ್ಟು, ಮುಖಕ್ಕೆ ತೂತಿನ ಹಸಿರು ಬಟ್ಟೆ ಹೊದಿಸಿದ ಮೇಲೆ ಅವಳ ಮಾತು ನಿಂತಿತು. ಏನು ಕೇಳಿದರೂ ಬರೀ "ಹೂಂ". ಹೆದರಿದ್ದಾಳೆ ಅಂದುಕೊಂಡೆ.

ಸುರಂಗವಾಯಿತು. ಕಂದುಬಣ್ಣದ ಗಟ್ಟಿ ಪೊರೆ ಇಡಿಯಾಗಿ ಹೊರಬಂತು. ಉಳಿದ ಎಳೆಗಳನ್ನು ಗುರುಗಳು ತೆಳು ಕೊಳವೆಯಿಂದ ಎಳೆದು ತೆಗೆಯುತ್ತಿದ್ದರು. ಆಗ ಬಟ್ಟೆಯಡಿಯಿಂದ ಗೊರಗೊರ ಸದ್ದು ಬಂತು. ಹಿಂದೆಯೇ ಕೆಮ್ಮು. ಇಡೀ ಮೇಜು ಅಲುಗಿತು.

ಕಣ್ಣು ಕೊಯ್ದಿರುವಾಗ ಕೆಮ್ಮು ಬಂದರೆ ಏನಾಗಬಹುದೆಂದು ಓದಿದ್ದೆ. ಒಳಗಿನದೆಲ್ಲ ಹೊರಗೆ ನುಗ್ಗಬಹುದು. ಗಾಯದ ಬಾಯಲ್ಲಿ ಒದ್ದೆ ಬಟ್ಟೆಯ ಅಂಚಿನಂತೆ ಕಪ್ಪಗೆ ಏನೋ ಇಣುಕಿತು. ಪಾಪೆಯ ಸುತ್ತ ಇರುವ ಪರದೆ. ನನ್ನ ಕೈ ಹತ್ತಿಯ ಕಡ್ಡಿ ಹಿಡಿದು ಅದನ್ನು ಒತ್ತಲು ಮುಂದೆ ಹೋಯಿತು.

"ಮುಟ್ಟಬ್ಯಾಡ," ಎಂದರು ಗುರುಗಳು.

ಅಷ್ಟರಲ್ಲಿ ಅವರು ಕೊಳವೆ ಹೊರಗೆ ತೆಗೆದಿದ್ದರು. ರೆಪ್ಪೆ ಅಗಲಿಸಿದ್ದ ಕ್ಲಿಪ್ಪನ್ನೂ ತೆಗೆದು, ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ ಸುಮ್ಮನೆ ಕೂತರು. ರೆಪ್ಪೆ ಮುಚ್ಚಿಕೊಂಡಿತು. ಅಜ್ಜಿ ಕೆಮ್ಮಿದಳು, ಮತ್ತೆ ಕೆಮ್ಮಿದಳು. ಆ ರೆಪ್ಪೆಯಡಿ ಏನಾಗುತ್ತಿದೆಯೋ ನಮಗೆ ಕಾಣದು. ಅಷ್ಟು ಕೈಚಳಕದ ಮನುಷ್ಯ ಏನೂ ಮಾಡದೆ ಕೂರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನರ್ಸಮ್ಮ ಬಟ್ಟೆಯ ಅಂಚೆತ್ತಿ ಅಜ್ಜಿಯ ಬಾಯಿಗೆ ಬೆರಳು ಹಾಕಿದರು. ಸುಣ್ಣ ಬೆರೆಸಿದ ಕಡ್ಡಿಪುಡಿಯ ಉಂಡೆ ಹೊರಬಂತು. ಬೆಳಿಗ್ಗೆಯೇ ಅವಳ ತಂಬಾಕಿನ ಚೀಲ ಇಸಕೊಂಡು ಇಟ್ಟಿದ್ದೆವು. ಒಂದು ಚಿಟಿಕೆ ಮಾತ್ರ ತುಟಿಯೊಳಗೆ ಉಳಿದಿತ್ತು.

"ಧೈರ್ಯಕ್ಕಂತ ಇಟ್ಕಂಡಿದ್ನೆಪ್ಪ," ಎಂದಳು ಅಜ್ಜಿ ಏದುಸಿರಿನಲ್ಲಿ. "ದೇವ್ರ ಮನಿಯಂಗೈತಿ, ಎಲ್ಲಿ ಉಗುಳ್ಲಿ? ನುಂಗಾಕ ಹೋದೆ."

"ಬಾಯಾಗ ಇನ್ನೇನರ ಐತೇನು?" ಎಂದು ಕೇಳಿದರು ನರ್ಸಮ್ಮ.

"ಎರಡ್ ಹಲ್ಲು."

ಕೆಮ್ಮು ನಿಂತ ಮೇಲೂ ಗುರುಗಳು ಸ್ವಲ್ಪ ಕಾದರು. ಕಣ್ಣು ಮತ್ತೆ ಶುಚಿಮಾಡಿ, ರೆಪ್ಪೆ ಮೆಲ್ಲಗೆ ಬಿಡಿಸಿದರು. ನಾನು ಸೂಕ್ಷ್ಮದರ್ಶಕಕ್ಕೆ ಬಾಗಿದೆ. ಸುರಂಗದ ತುಟಿಗಳು ಒಂದಕ್ಕೊಂದು ಅಂಟಿ ಕೂತಿದ್ದವು. ಕಪ್ಪು ಅಂಚು ಇಣುಕಿದ್ದಲ್ಲೇ ನಿಂತಿತ್ತು, ಕೂದಲೆಳೆಯಷ್ಟೂ ಮುಂದೆ ಬಂದಿರಲಿಲ್ಲ. ಒಳಗಿಂದ ನೂಕಿದ ಕೆಮ್ಮೇ ಬಾಗಿಲನ್ನು ಅದುಮಿ ಹಿಡಿದಿತ್ತು. ಗುರುಗಳು ಒಂದು ಸಣ್ಣ ಕಡ್ಡಿಯಿಂದ ಪರದೆಯನ್ನು ನೇವರಿಸಿದರು. ಅದು ಒಳಗೆ ಸರಿಯಿತು, ಪಾಪೆ ಮತ್ತೆ ದುಂಡಗಾಯಿತು. ನಾವು ಕೊರೆದ ಗಾಯವೇ ಅದು, ಆದರೂ ನಮ್ಮೆಲ್ಲರಿಗಿಂತ ಹೆಚ್ಚು ತಿಳಿದದ್ದರ ಮುಂದೆ ನಿಂತಂತೆ ನನಗೆ ಮೈ ಝುಂ ಎಂದಿತು. ಕೃತಕ ಮಸೂರ ಕೂರಿಸುವವರೆಗೂ ನಾನು ನೀರು ಹನಿಸುತ್ತಲೇ ಇದ್ದೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದೆವು. ಅಜ್ಜಿ ಕಣ್ಣು ಪಿಳಿಪಿಳಿ ಮಾಡಿ ಮೊದಲು ತನ್ನ ಅಂಗೈ ನೋಡಿಕೊಂಡಳು, ಆಮೇಲೆ ಮೊಮ್ಮಗಳ ಮುಖ. ಕೊನೆಗೆ ಗುರುಗಳ ಬೋಳುತಲೆಯ ಮೇಲೆ ಅವಳ ದೃಷ್ಟಿ ನಿಂತಿತು.

"ದನಿ ಕೇಳಿ ಹುಡುಗ ಅಂದ್ಕಂಡಿದ್ದೆ," ಎಂದಳು. "ನಿನ್ನೆ ನಾ ಕೆಮ್ಮಾಗ ಸುಮ್ನಾಗಿಬಿಟ್ಟ್ರಲ್ಲ, ಏನ್ ಮಾಡಾಕತ್ತಿದ್ರಿ?"

"ನಿನ್ ಕಣ್ಣು ಬಾಗ್ಲ ಹಾಕ್ಕಂತಿತ್ತು. ಕಾಯ್ಕಂತ ಕುಂತಿದ್ದೆ."

ಅಜ್ಜಿ ಅಂಗೈಯನ್ನು ಮತ್ತೊಮ್ಮೆ ಕಣ್ಣಿನ ಮುಂದೆ ಹಿಡಿದು ನೋಡಿದಳು.

"ಸರಿಯಾಗಿ ಹಾಕ್ಕಂತೇನು?"

"ಹಾಕ್ಕಂತು," ಎಂದರು ಗುರುಗಳು.