ತರ್ಕ ನನ್ನದು, ನಡೆದದ್ದು ಅವರ ಮಾತು

ಕಳೆದ ವಾರ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಯಲು ಬಂದವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ಆ ಘಾಟು ಅಡುಗೆಮನೆಯವರೆಗೂ ಬಂತು. ಸಾರು ತಿರುವುತ್ತಿದ್ದವಳು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎದುರು ಮನೆಯ ದನದ ಡಾಕ್ಟರು ಬಂದರೇನೋ ಅನ್ನಿಸಿತು. ಅವರ ಕೈಗೆ, ಅಂಗಿಯ ತೋಳಿಗೆ ಸದಾ ಇದೇ ವಾಸನೆ. ದನಗಳ ಹುಳ ಬಿದ್ದ ಗಾಯಕ್ಕೆ ಅದನ್ನು ಹಾಕುತ್ತಿದ್ದರಂತೆ. ತೀರ್ಥಹಳ್ಳಿ, ಹೊಸನಗರ ಎಂದು ಊರೂರು ಸುತ್ತಿ, ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಸಾಗರದ ನಮ್ಮ ಬಡಾವಣೆಯಲ್ಲಿ ಮನೆ ಮಾಡಿದ ಮೇಲೂ ಯಾರಾದರೂ ಕರೆದರೆ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದರು...

ಅವರು ತೀರಿಕೊಂಡ ಮೇಲೆ ಒಂದು ಮಳೆಗಾಲ ಕಳೆದಿದೆ. ನೆನಪಾದ ಕೂಡಲೇ ದುಃಖ ಬರಬೇಕಿತ್ತು. ಮೊದಲು ಬಂದದ್ದು ಹಳೆಯ ಹೊಟ್ಟೆಕಿಚ್ಚು. ದುಃಖ ಅದರ ಹಿಂದಿನಿಂದ ನಿಧಾನಕ್ಕೆ ಬಂತು.

ನಾನು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವಳು. ಅಂಕ ಸುಲಭವಾಗಿ ಸಿಗುತ್ತದೆ ಎಂದು ಮಕ್ಕಳು ಆರಿಸಿಕೊಳ್ಳುವ ವಿಷಯ ಅದು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಕಾರಣವಲ್ಲ, ಎಲ್ಲರೂ ಹೇಳುತ್ತಾರೆ ಎಂದಾಕ್ಷಣ ನಿಜವಲ್ಲ, ವಾದಕ್ಕೆ ಉತ್ತರ ಕೊಡುವ ಬದಲು ವಾದ ಮಾಡಿದವನನ್ನು ಬೈಯುವುದು ಉತ್ತರವಲ್ಲ — ಇದನ್ನೆಲ್ಲ ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಈ ಊರಿನಲ್ಲಿ ತಪ್ಪು ವಾದವನ್ನು ನನಗಿಂತ ಬೇಗ ಹಿಡಿಯುವವರಿಲ್ಲ ಎಂದು ನನಗೆ ನಂಬಿಕೆಯಿತ್ತು. ಈಗಲೂ ಇದೆ. ಆದರೆ ಹಿಡಿದು ಏನು ಮಾಡುವುದು ಎಂಬ ವಿಷಯದಲ್ಲಿ ಎದುರು ಮನೆಯವರು ನನ್ನನ್ನು ಹಿಂದೆ ಹಾಕಿದರು. ಅದೂ ಏನೂ ಶ್ರಮಪಡದೆ, ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬೀದಿಯಲ್ಲಿ ನಿಂತು.

ಮೊದಲ ಸಲ ಆದದ್ದು ನೀರಿನ ವಿಷಯದಲ್ಲಿ. ನಮ್ಮ ಬಡಾವಣೆಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. ಮೂಲೆ ಮನೆಯವರು ಒಂದು ದಿನ ಅದರಲ್ಲಿ, ರಸ್ತೆ ಅಗೆದ ಮೇಲೆ ನಮ್ಮ ಅತ್ತೆಗೆ ಭೇದಿ ಶುರುವಾಗಿದೆ, ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರಿದೆ ಎಂದು ಬರೆದರು. ಅದೇ ಅತ್ತೆ ಹಿಂದಿನ ದಿನವಷ್ಟೇ ಹೊಸನಗರದ ಮದುವೆಯಲ್ಲಿ ಹೋಳಿಗೆ ಊಟ ಮಾಡಿದ ಫೋಟೋವನ್ನೂ ಅವರೇ ಹಾಕಿದ್ದರು. ನಾನು ಎರಡನ್ನೂ ಅಕ್ಕಪಕ್ಕ ಇಟ್ಟು, ರಸ್ತೆ ಕಾರಣವೋ ಹೋಳಿಗೆ ಕಾರಣವೋ ಹೇಗೆ ನಿರ್ಧರಿಸಿದಿರಿ ಎಂದು ಕೇಳಿದೆ. ಗ್ರೂಪಿನ ತುಂಬ ನಗುವ ಮುಖಗಳು. ಆ ದಿನ ಕಾಲೇಜಿನಲ್ಲಿ ಪಾಠವೂ ಚೆನ್ನಾಗಿ ಹೋಯಿತು.

ಸಂಜೆ ಡಾಕ್ಟರು ನಮ್ಮ ಗೇಟಿನ ಹತ್ತಿರ ನಿಂತರು.

“ಮೇಡಂ, ನೀವು ಬರ್ದಿದ್ದು ಸರಿ. ಅವ್ರ ವಾದ ನಿಲ್ಲೂದಿಲ್ಲ.”

“ಮತ್ತೇನು ಡಾಕ್ಟ್ರೇ?”

“ವಾದ ಬಿತ್ತು ಅಂತ ನೀರು ಚೊಕ್ಕ ಆಗ್ತದಾ? ಅದೊಂದು ನೋಡೂದು ಬಾಕಿ ಉಳೀತು ಅಲ್ದಾ?”

ಮರುದಿನ ಅವರೇ ನಗರಸಭೆಯವರನ್ನು ಕರೆತಂದು ತೋರಿಸಿದರು. ಚರಂಡಿಯ ಪಕ್ಕದಲ್ಲಿ ಪೈಪಿನ ಜೋಡಣೆ ಸಡಿಲವಾಗಿತ್ತು. ಗ್ರೂಪಿನಲ್ಲಿ, “ಪೈಪ್ ಸರಿ ಮಾಡಿದ್ದಾರೆ, ಕೆಲವು ದಿನ ಎಲ್ಲರೂ ನೀರು ಕುದಿಸಿ ಕುಡಿಯಿರಿ” ಎಂದಷ್ಟೇ ಬರೆದರು. ನನ್ನ ಸುದ್ದಿಯೇ ಎತ್ತಲಿಲ್ಲ. ಎತ್ತಿ ಆಡಿಕೊಂಡಿದ್ದರೆ ಜಗಳವಾಡಬಹುದಿತ್ತು. ಕೆಟ್ಟ ವಾದದಿಂದಲೂ ನಿಜವಾದ ತೀರ್ಮಾನ ಬರಬಹುದು ಎಂಬುದು ನಮ್ಮ ಪಠ್ಯದ ಮೊದಲ ಪಾಠಗಳಲ್ಲೇ ಇದೆ. ನನ್ನ ಪಾಠವನ್ನು ನನಗೇ ಒಪ್ಪಿಸಿ ಅವರು ಮನೆಗೆ ಹೋಗಿದ್ದರು. ನನ್ನ ಗಂಡ ತಮ್ಮ ಔಷಧಿ ಅಂಗಡಿ ಮುಚ್ಚಿ ಬಂದವರೇ, “ಡಾಕ್ಟ್ರು ಹೇಳಿದ್ರು ಅಂದ್ರೆ ಸರಿ ಇರ್ತದೆ ಮಾರಾಯ್ತಿ” ಅಂದರು. ನಾನು ಹೇಳಿದರೆ ಇದೇ ಮನುಷ್ಯ, “ನೀನು ಎಲ್ಲದಕ್ಕೂ ವಾದ ಮಾಡ್ತೀಯ” ಅನ್ನುತ್ತಿದ್ದರು...

ಆಮೇಲೆ ನಾಯಿಗಳ ಪ್ರಕರಣ ನಡೆಯಿತು.

ಮಳೆ ಹಿಂದೆ ಸರಿದ ದಿನಗಳು. ನಮ್ಮ ಬೀದಿಯ ನಾಯಿಗಳು ಒಂದರ ಹಿಂದೆ ಒಂದು ಸತ್ತವು. ಅವುಗಳಿಗೆ ದಿನವೂ ಅನ್ನ ಹಾಕುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಗ್ರೂಪಿನ ಅಡ್ಮಿನ್ ಕೂಡ ಅವರೇ. ಕರಿಯ ಎಂಬ ನಾಯಿ ಅವರ ಮೆಟ್ಟಿಲಿನ ಮೇಲೇ ಮಲಗುತ್ತಿತ್ತು. ಅದೂ ಸತ್ತಿತು. ಅದೇ ಬೀದಿಯ ಬಾಡಿಗೆ ಮನೆಗೆ ತೀರ್ಥಹಳ್ಳಿಯಿಂದ ಬಂದ ಹೆಂಗಸೊಬ್ಬಳಿದ್ದಳು. ಹೈಸ್ಕೂಲಿಗೆ ಹೋಗುವ ಮಗಳನ್ನು ಇಟ್ಟುಕೊಂಡು, ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಮಗಳ ಸೈಕಲ್ಲನ್ನು ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ, ಏನಾದರೂ ಮಾಡಿ ಎಂದು ಅವಳು ಹಿಂದಿನ ವಾರ ಗ್ರೂಪಿನಲ್ಲಿ ಕೇಳಿಕೊಂಡಿದ್ದಳು.

“ಹೋದ ವಾರ ದೂರು, ಈ ವಾರ ಸಾವು. ಬಿಡಿಸಿ ಹೇಳಬೇಕಾ?” ಎಂದು ಬ್ಯಾಂಕಿನವರು ಬರೆದರು.

ಅಲ್ಲಿಂದ ಶುರುವಾಯಿತು. ಅವಳು ಉತ್ತರ ಕೊಡಲಿಲ್ಲ. ತಪ್ಪು ಮಾಡದಿದ್ದರೆ ಯಾಕೆ ಸುಮ್ಮನಿದ್ದಾಳೆ ಎಂದರು. ನಾನಲ್ಲ, ದೇವರಾಣೆ ಎಂದು ಉತ್ತರ ಕೊಟ್ಟಳು. ತಪ್ಪು ಮಾಡದಿದ್ದರೆ ಇಷ್ಟು ಗಾಬರಿ ಯಾಕೆ ಎಂದರು. ಯಾವುದೋ ಊರಿನ ಸತ್ತ ನಾಯಿಯ ಫೋಟೋ ನಮ್ಮ ಬೀದಿಯದೆಂದು ಹತ್ತಾರು ಕಡೆ ಹೋಯಿತು. ಪಾರ್ಲರಿಗೆ ಬರುವವರು ನಿಂತರು. ಶಾಲೆಯಲ್ಲಿ ಆ ಹುಡುಗಿಯನ್ನು ನಾಯಿ ಕೊಂದವಳ ಮಗಳು ಎಂದು ಕರೆಯತೊಡಗಿದರು. ಅವಳು ಸೈಕಲ್ ಮೂಲೆಗೆ ನಿಲ್ಲಿಸಿ ಶಾಲೆಗೆ ಹೋಗುವುದನ್ನೇ ಬಿಟ್ಟಳು.

ಇದು ನನ್ನ ಕೆಲಸ ಅನ್ನಿಸಿತು. ಒಂದು ಮಧ್ಯಾಹ್ನ ಪೂರ್ತಿ ಕೂತು ಉದ್ದನೆಯ ಸಂದೇಶ ಬರೆದೆ. ಯಾರು ಯಾವ ಮಾತಿನಲ್ಲಿ ಯಾವ ತರ್ಕದೋಷ ಮಾಡಿದ್ದಾರೆಂದು ಒಂದೊಂದಾಗಿ ಬಿಡಿಸಿದೆ. ಸುಮ್ಮನಿದ್ದರೂ ತಪ್ಪು, ಮಾತಾಡಿದರೂ ತಪ್ಪು ಎಂದಾದರೆ ಅವಳು ನಿರಪರಾಧಿ ಎಂದು ಸಾಬೀತಾಗಲು ನೀವು ದಾರಿಯನ್ನೇ ಉಳಿಸಿಲ್ಲ ಎಂದೂ ಬರೆದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಇವತ್ತಿಗೂ ಅದನ್ನು ತಿದ್ದಬೇಕು ಅನ್ನಿಸುವುದಿಲ್ಲ.

ಬಂದ ಉತ್ತರಗಳು: “ಮೇಡಂ, ಇದು ಕ್ಲಾಸ್ ರೂಮ್ ಅಲ್ಲ.” “ನಿಮಗೆ ನಾಯಿ ಕಂಡರೆ ಆಗಲ್ವಾ?” “ಸತ್ತ ಮೂಕಪ್ರಾಣಿಗೆ ನ್ಯಾಯ ಬೇಕೋ ಬೇಡವೋ, ಅಷ್ಟು ಹೇಳಿ ಸಾಕು.” ಬೇಕೋ ಬೇಡವೋ ಎಂದು ಎರಡೇ ಬಾಗಿಲು ತೋರಿಸುವುದೂ ಒಂದು ದೋಷವೇ. ಅದರ ಹೆಸರನ್ನೂ ಬರೆದೆ. ನನ್ನ ಸಂದೇಶವನ್ನು ಒಪ್ಪಿ ಬಂದದ್ದು ಒಂದೇ ಒಂದು ಹೆಬ್ಬೆರಳು, ಡಾಕ್ಟರದು. ಅದನ್ನು ಕಂಡು ಸಮಾಧಾನವಾಗುವ ಬದಲು ಮೈ ಉರಿಯಿತು.

ಭಾನುವಾರ ಬೆಳಿಗ್ಗೆ ಗಣಪತಿ ಗುಡಿಯ ಪಕ್ಕದ ಹಾಲ್‌ನಲ್ಲಿ ಸಭೆ. ಅವಳಿಂದ ಮನೆ ಬಿಡಿಸಿ ಎಂದು ಮಾಲೀಕರಿಗೆ ಹೇಳುವುದೆಂದು ಮೊದಲೇ ಮಾತಾಗಿತ್ತು. ಅವಳು ಕೊನೆಯ ಸಾಲಿನಲ್ಲಿ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ನಾನೇ ಮೊದಲು ಎದ್ದೆ. ಚೆನ್ನಾಗಿ ಮಾತಾಡಿದೆ. ಬ್ಯಾಂಕಿನವರ ಒಂದೊಂದು ಮಾತನ್ನೂ ಹಿಡಿದು ಮುರಿದೆ. ಅವರ ಮುಖ ಕೆಂಪಾಯಿತು. “ನಾಯಿ ಸಾಕಿ ಗೊತ್ತಿದ್ಯಾ ನಿಮ್ಗೆ? ಪುಸ್ತಕ ಓದಿದ್ರೆ ಆಯ್ತಾ?” ಎಂದು ಕೂಗಿದರು. ಸುತ್ತಲಿನವರು ಅವರ ಕಡೆಗೇ ಸೇರಿದರು. ಸಾಕು, ಕೈ ಎತ್ತಿಸಿ ಮುಗಿಸಿ ಎಂದು ಯಾರೋ ಅಂದರು.

ಆಗ ಇನ್ನೊಬ್ಬರು, “ಡಾಕ್ಟ್ರೇ, ನೀವೇ ಹೇಳಿ. ವಿಷ ಹೌದಲ್ಲಾ?” ಎಂದರು.

ಡಾಕ್ಟರು ಎದ್ದು ನಿಂತು, “ನಂಗೊತ್ತಿಲ್ಲ” ಅಂದರು. “ನಾನು ನೋಡೂದ್ರೊಳಗೆ ಹುಗ್ದಾಗಿತ್ತು. ನೋಡ್ದೆ ಹೇಳಕ್ಕೆ ಬರೂದಿಲ್ಲ.”

ಸಭೆ ತಣ್ಣಗಾಯಿತು. ಅವರು ಬ್ಯಾಂಕಿನವರ ಪಕ್ಕದ ಕುರ್ಚಿಗೆ ಹೋಗಿ ಕೂತರು. ಕರಿಯ ಸತ್ತ ದಿನ ಏನಾಯಿತು ಎಂದು ಕೇಳಿದರು. ಬ್ಯಾಂಕಿನವರು ಹೇಳುತ್ತ ಹೋದರು... ಬೆಳಿಗ್ಗೆ ಹಾಲು ಮುಟ್ಟಲಿಲ್ಲ, ಬಾಯಲ್ಲಿ ನೊರೆ, ಮೈಯೆಲ್ಲ ಎಳೆದ ಹಾಗೆ, ಕೊನೆಗೆ ನನ್ನ ಪಾದದ ಮೇಲೆ ತಲೆ ಇಟ್ಟಿತು... ಅಲ್ಲಿಗೆ ಅವರು ಕನ್ನಡಕ ತೆಗೆದರು. ಡಾಕ್ಟರು ಅವಸರ ಮಾಡಲಿಲ್ಲ. ಬ್ಯಾಂಕಿನವರು ಕಣ್ಣು ಒರೆಸಿಕೊಳ್ಳುವವರೆಗೂ ಕಾದರು.

“ಈಗ ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕಬೇಡಿ. ಈಯಮ್ಮ ಮಾಡಿಲ್ಲ ಅಂತ ನಿಮ್ಗೆ ಅನ್ನಿಸ್ಬೇಕು ಅಂದ್ರೆ ಎಂತ ಗೊತ್ತಾಗ್ಬೇಕು? ಬಾಯಿ ಬಿಟ್ರೂ ತಪ್ಪು, ಬಿಡದಿದ್ರೂ ತಪ್ಪು ಅಂದ್ರೆ ಅವ್ರಿಗೆ ದಾರಿ ಎಲ್ಲಿದೆ?”

ನನ್ನ ಸಂದೇಶದ ಮಾತು! ಎದ್ದು ನಿಂತು, ಇದನ್ನು ನಾನು ಆಗಲೇ ಬರೆದಿದ್ದೆ ಎಂದು ಕೂಗಬೇಕೆನ್ನಿಸಿತು. ಸೆರಗು ಬಿಗಿಯಾಗಿ ಹಿಡಿದು ಕೂತೆ. ನನ್ನ ಬಾಯಲ್ಲಿ ಬೈಗುಳದಂತೆ ಕೇಳಿಸಿದ್ದು ಅವರ ಬಾಯಲ್ಲಿ ಮನೆಯ ಹಿರಿಯರ ಮಾತಿನಂತೆ ಕೇಳಿಸುತ್ತಿತ್ತು.

ಬ್ಯಾಂಕಿನವರು ಕೊನೆಯ ಸಾಲಿನ ಕಡೆ ತಿರುಗಿ ನೋಡಿದರು. “ಬೇರೆ ಕಡೆನೂ ನಾಯಿ ಸತ್ತಿದ್ರೆ... ಇವ್ರು ದೂರು ಹೇಳೋಕ್ಕಿಂತ ಮೊದ್ಲೇ ಸತ್ತಿದ್ರೆ... ಆಗ ಬೇರೆ ಮಾತು.”

“ಹಂಗಾರೆ ಕೇಳ್ಕಂಡು ಬರಾಣ, ಬನ್ನಿ.”

ಸಭೆ ಅಲ್ಲಿಗೇ ನಿಂತಿತು. ಡಾಕ್ಟರ ಸ್ಕೂಟರಿನ ಹಿಂದೆ ಬ್ಯಾಂಕಿನವರು ಕೂತು ಹೊರಟರು. ರೈಲ್ವೆ ಸ್ಟೇಷನ್ನಿನ ಹಿಂದೆ, ಕೆಳದಿ ರಸ್ತೆಯ ಚಹಾದಂಗಡಿಗಳಲ್ಲಿ, ಮಾಂಸದ ಅಂಗಡಿಗಳ ಮುಂದೆ ಕೇಳುತ್ತ ಹೋದರಂತೆ. ಅವಳು ದೂರು ಹೇಳುವುದಕ್ಕೂ ಮೊದಲೇ ಆ ಕಡೆಯೆಲ್ಲ ನಾಯಿಗಳು ಸಾಯತೊಡಗಿದ್ದವು, ಮರಿಗಳೂ ಸೇರಿ. ರೋಗವೋ ವಿಷವೋ ಎಂದು ಡಾಕ್ಟರು ಆಗಲೂ ಹೇಳಲಿಲ್ಲ. ಆದರೆ ಊರ ಆ ತುದಿಯಿಂದ ಈ ತುದಿಯವರೆಗೆ ನಡೆದದ್ದು ಒಬ್ಬ ಹೆಂಗಸಿನ ಕೆಲಸವಲ್ಲ ಎಂಬುದು ಬ್ಯಾಂಕಿನವರಿಗೇ ಸ್ಪಷ್ಟವಾಯಿತು. ಆ ಸಂಜೆ ಗ್ರೂಪಿನಲ್ಲಿ ಅವರು, “ನಾನು ಹೇಳಿದ್ದು ತಪ್ಪು. ಅವರ ಕ್ಷಮೆ ಕೇಳುತ್ತೇನೆ” ಎಂದು ಬರೆದರು. ಪಾರ್ಲರಿನ ಬಾಗಿಲಿಗೂ ಹೋಗಿ ಹೇಳಿ ಬಂದರು. ಹುಡುಗಿ ಮತ್ತೆ ಸೈಕಲ್ ಹತ್ತಿದಳು.

ನನಗೂ ಬೇಕಾಗಿದ್ದದ್ದು ಅದೇ. ಆದರೂ ಮನಸ್ಸು ತಣಿಯಲಿಲ್ಲ. ಡಾಕ್ಟರಿಗೆ ಧನ್ಯವಾದ, ಮುಗಿದ ಕೈ, ಗುಲಾಬಿ ಹೂ ಎಂದು ದಿನವಿಡೀ ಸಂದೇಶಗಳು. ಒಂದರಲ್ಲೂ ನನ್ನ ಹೆಸರಿಲ್ಲ. ಮರುವಾರ ಅವಳು ಹಲಸಿನ ಹಪ್ಪಳದ ಕಟ್ಟು ಹಿಡಿದು ಎದುರು ಮನೆಗೆ ಹೋದದ್ದನ್ನು ಪರದೆಯ ಹಿಂದೆ ನಿಂತು ನೋಡಿದೆ. ನನಗೆ ರಸ್ತೆಯಲ್ಲಿ ಸಿಕ್ಕಾಗ ನಕ್ಕಳು, ಅಷ್ಟೇ. ಸಂಜೆ ಅವರ ಮನೆಯಿಂದ ಹಪ್ಪಳ ಕರಿದ ವಾಸನೆ ಬಂತು. ಕಿಟಕಿ ಹಾಕಿಕೊಂಡೆ.

ತಡೆಯಲಾಗದೆ ಒಂದು ದಿನ ಹೋಗಿ ಕೇಳಿಯೇಬಿಟ್ಟೆ. “ಡಾಕ್ಟ್ರೇ, ನೀವು ಹೇಳಿದ್ದನ್ನೇ ನಾನು ಮೊದ್ಲು ಬರೆದಿದ್ದೆ. ಹೆಂಗಸಿನ ಮಾತು ಅಂತ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.”

ಛೆ ಛೆ, ಹಾಗಿಲ್ಲ ಎನ್ನುತ್ತಾರೆ, ಆಗ ಚೆನ್ನಾಗಿ ಉತ್ತರ ಕೊಡಬಹುದು ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಕೊಟ್ಟರು.

“ಇರ್ಬೌದು ಮೇಡಂ. ಇಲ್ಲ ಅಂತ ನಾನು ಹೇಳೂದಿಲ್ಲ. ಗಂಡಸು, ಮೇಲಿಂದ ಡಾಕ್ಟ್ರು. ನಂಗೆ ಆ ಅನುಕೂಲ ಇತ್ತು.” ಆಮೇಲೆ ಮೆಲ್ಲಗೆ, “ಅದೊಂದೇನಾ ಅಂತ ಮಾತ್ರ ನೀವೂ ನೋಡ್ಕಳಿ” ಅಂದರು.

ಜಗಳಕ್ಕೆಂದು ಹೋದವಳ ಕೈಯಿಂದ ಜಗಳವನ್ನೂ ಕಿತ್ತುಕೊಂಡರು. ಕಾಫಿ ಕುಡಿದು ವಾಪಸು ಬಂದೆ...

ಕೆಲವು ತಿಂಗಳ ಮೇಲೆ ಹೊಸನಗರದ ಕಡೆ ಒಂದು ಎಮ್ಮೆಗೆ ಕರು ಹಾಕಿಸಲು ಹೋದ ಡಾಕ್ಟರು ಆ ಕೊಟ್ಟಿಗೆಯಲ್ಲೇ ಕುಸಿದರು. ಹೃದಯಾಘಾತ. ಅಂತಿಮ ದರ್ಶನಕ್ಕೆ ತೀರ್ಥಹಳ್ಳಿ ಕಡೆಯಿಂದ ವ್ಯಾನು ಮಾಡಿಕೊಂಡು ಜನ ಬಂದರು. ಬ್ಯಾಂಕಿನವರು ಮಗುವಿನಂತೆ ಅತ್ತರು. ನಾನು ಡಾಕ್ಟರ ತಲೆಯ ಹತ್ತಿರ ನಿಂತುಕೊಂಡು, ನನಗೆ ಇಷ್ಟು ಜನ ಬರಲಾರರು ಎಂದು ಯೋಚಿಸುತ್ತಿದ್ದೆ. ಹೆಣದ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ಆ ದಿನ ತಿಳಿಯಿತು.

ವೈಕುಂಠ ಸಮಾರಾಧನೆಯ ಊಟದಲ್ಲಿ ಅವರ ಹೆಂಡತಿ ಪಾಯಸದ ಪಾತ್ರೆ ಹಿಡಿದು ನನ್ನ ಎದುರು ನಿಂತರು. “ನಿಮ್ಮ ಮಾತು ಭಾಳ ಹೇಳೋರು. ಮೇಡಂ ಯಾರ ಮುಖನೂ ನೋಡ್ದೆ ನೇರ ಹೇಳ್ತಾರೆ, ನಂಗೆ ಆ ಧೈರ್ಯ ಇಲ್ಲ, ಎಲ್ರನ್ನೂ ಸಮಾಧಾನ ಮಾಡೂದ್ರಲ್ಲೇ ಹೊತ್ತು ಹೋಗ್ತದೆ ಅಂತ. ಒಳಗೊಳಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಅವ್ರಿಗೆ.” ಹೇಳಿ ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡರು.

ಒಬ್ಬರೇ ಸಾಕ್ಷಿ. ಅದೂ ಇನ್ನೊಬ್ಬರ ಬಾಯಿಂದ ಕೇಳಿದ್ದು. ಊಟಕ್ಕೆ ಬಂದವರ ಮನಸ್ಸು ನೋಯಿಸಬಾರದು ಎಂದು ಹೇಳಿರಲೂಬಹುದು. ವಿದ್ಯಾರ್ಥಿ ಇದನ್ನು ಪುರಾವೆ ಎಂದು ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ನಾನು ಆ ಕ್ಷಣವೇ ನಂಬಿದೆ. ನಂಬಬೇಕೆಂಬ ಆಸೆ ಇತ್ತು, ನಂಬಿದೆ. ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.

ಈಗ ಗ್ರೂಪಿನಲ್ಲಿ ಹೊಸ ಜಗಳ. ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚಿನ ಬದಲು ಸೇತುವೆ ಆದ ಮೇಲೆ ಹೊರಗಿನವರು ಹೆಚ್ಚು ಬರುತ್ತಿದ್ದಾರೆ, ಅದಕ್ಕೇ ಸಾಗರದಲ್ಲಿ ಬೈಕ್ ಕಳ್ಳತನ ಹೆಚ್ಚಾಗಿದೆ ಎಂದು ಒಬ್ಬರು ಬರೆದರು. ಹತ್ತು ಜನ ಹೌದು ಹೌದು ಎಂದರು. ನಿನ್ನೆ ನಾನು ಉತ್ತರ ಬರೆದೆ.

ಡಾಕ್ಟರ ನಂಬರು ಇನ್ನೂ ಗ್ರೂಪಿನಲ್ಲಿದೆ. ಅವರ ಫೋನು ಅಂದಿನಿಂದ ಬಂದ್ ಆಗಿದೆ. ಎಲ್ಲರ ಫೋನಿಗೂ ತಲುಪಿದರೆ ಮಾತ್ರ ಸಂದೇಶದ ಪಕ್ಕ ಎರಡನೇ ಟಿಕ್ ಬೀಳುತ್ತದೆ. ಹಾಗಾಗಿ ಅವರು ಹೋದ ಮೇಲೆ ನಮ್ಮ ಗ್ರೂಪಿನಲ್ಲಿ ಯಾರು ಏನು ಬರೆದರೂ ಎರಡನೇ ಟಿಕ್ ಬಂದಿಲ್ಲ. ಆ ನಂಬರು ತೆಗೆದುಬಿಡಿ ಎಂದು ಯಾರೋ ಹೇಳಿದರು. ಬ್ಯಾಂಕಿನವರು ಕೇಳಿಸದವರಂತೆ ಇದ್ದುಬಿಟ್ಟರು. ನಾನೂ ಒತ್ತಾಯ ಮಾಡಲಿಲ್ಲ.

ಕಳ್ಳತನದ ವಾದದಲ್ಲಿ ನಾನೇ ಗೆದ್ದೆ. ಸರಿ ಅಂದವರೂ ಇದ್ದಾರೆ, ಹೆಬ್ಬೆರಳು ಹಾಕಿದವರೂ ಇದ್ದಾರೆ. ಬೆಳಿಗ್ಗೆ ಎದ್ದು ಫೋನ್ ತೆರೆದು ನೋಡಿದೆ. ಒಂದೇ ಟಿಕ್ ಇತ್ತು.